ಬಕ್ಲೂ ಲೀಗಿನ ಕೊನೆಯ ಬಾವುಟ

ಬೆಳಿಗ್ಗೆ ಆರು ಗಂಟೆ. ಕೊಲ್ಬಿನ್ ಊರಾಚೆಯ ಗೋಧಿ ರಾಶಿಯ ನೆತ್ತಿಯ ಮೇಲೆ ಐಲ್ಸಾ ಹೈನ್ರಿಕ್ ಮಂಡಿಯೂರಿ ಕೂತಿದ್ದಾರೆ. ಬೂಟನ್ನು ಕೆಳಗೆ ಕಾರಿನ ಹತ್ತಿರ ಬಿಟ್ಟು ಉಣ್ಣೆಯ ಕಾಲುಚೀಲದಲ್ಲೇ ಹತ್ತಿ ಬಂದಿದ್ದಾರೆ. ಬೂಟಿನ ಹಿಮ್ಮಡಿ ತಾಗಿ ಟಾರ್ಪಾಲು ಹರಿದರೆ ತನ್ನ ಕೆಲಸವನ್ನು ತಾನೇ ಹೆಚ್ಚಿಸಿಕೊಂಡ ಹಾಗೆ. ಬಲಗೈಯಲ್ಲಿ ಬಿಸಿಗಾಳಿ ಉಗುಳುವ ಗನ್ನು, ಎಡಗೈಯಲ್ಲಿ ತೇಪೆ ಒತ್ತುವ ಪುಟ್ಟ ಉರುಳೆ, ಕಿವಿಗೂ ಭುಜಕ್ಕೂ ನಡುವೆ ಫೋನು.

"ಮಂಡಿ ನೋವು ಅಂತ ಯಾರಿಗೋ ಕತೆ ಹೇಳ್ತೀಯ? ಮೊನ್ನೆ ಮಗಳ ಮದ್ವೇಲಿ ಕುರ್ಚಿ ಹತ್ತಿ ಕುಣೀತಿದ್ದೆ. ನಾನೇ ಕಣ್ಣಾರೆ ನೋಡಿದೀನಿ," ಎಂದು ಫೋನಿನಲ್ಲಿದ್ದವನನ್ನು ಗದರುತ್ತಿದ್ದಾರೆ. ಆ ಕಡೆಯವನು ಏನೋ ಗೊಣಗುತ್ತಾನೆ. "ಓಡು ಅಂದ್ನಾ ನಾನು? ನಿಂತ್ಕೋ ಸಾಕು. ಚೆಂಡು ಹತ್ರ ಬಂದ್ರೆ ಬೇರೆಯೋನಿಗೆ ಕೊಟ್ಬಿಡು. ಏನು? ಹೆಂಡ್ತಿ ಬೈತಾಳಾ? ಆಯ್ತು ಬಿಡು. ಮಂಡಿಗೆ ಐಸ್ ಇಟ್ಕೋ."

ಫೋನು ಜೇಬಿಗೆ ಹೋಗುತ್ತದೆ. ತೂತಿನ ಮೇಲೆ ತೇಪೆ ಇಟ್ಟು, ಗನ್ನಿನ ಮೂತಿಯನ್ನು ಅದರಡಿಗೆ ತೂರಿಸಿ, ಉರುಳೆಯಿಂದ ನಾಲ್ಕು ಸಲ ಒತ್ತುತ್ತಾರೆ. ಪ್ಲಾಸ್ಟಿಕ್ ಕರಗಿದ ವಾಸನೆ ಏಳುತ್ತದೆ. "ಹದಿನೇಳಕ್ಕೇ ನಿಂತಿದೆ," ಎನ್ನುತ್ತಾರೆ ನನ್ನ ಕಡೆ ತಿರುಗದೆ. "ಇನ್ನೊಬ್ಬ ಬೇಕು. ಇವತ್ತಾಗ್ಲೇ ಮಂಗಳವಾರ."

ಈ ಶನಿವಾರ ಹದಿನೆಂಟು ಕಿಲೋಮೀಟರ್ ದೂರದ ನಾರಪುಟ್ ಮೈದಾನದಲ್ಲಿ ಒಂದು ಬಾವುಟ ಏರಬೇಕು. ಹತ್ತು ವರ್ಷದ ಹಿಂದೆ ಐಲ್ಸಾ ಅವರೇ ಹೊಲಿದು, ಅಂದಿನಿಂದ ಮನೆಯಲ್ಲಿ ಮಡಿಸಿಟ್ಟುಕೊಂಡಿರುವ ಬಾವುಟ ಅದು. ಅದು ಏರಬೇಕಾದರೆ ಅಂದು ಅಲ್ಲಿ ಆಟ ನಡೆಯಬೇಕು; ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ಈ ಕಡೆಯ ಫುಟ್ಬಾಲ್ ನಡೆಯಬೇಕಾದರೆ ಎರಡೂ ಕಡೆ ಹದಿನೆಂಟು ಹದಿನೆಂಟು ಜನ ಬೇಕು. ಚಳಿಗಾಲ ಕಳೆಯುತ್ತಲೇ ಆ ಮೈದಾನವನ್ನು ಸಮ ಮಾಡಿ ಗೋಧಿ ರಾಶಿ ಹಾಕುವ ಜಾಗ ಮಾಡುತ್ತಾರೆ. ಗೋಲಿನ ಕಂಬಗಳನ್ನಂತೂ ಮುಂದಿನ ತಿಂಗಳೇ ಕೀಳುತ್ತಾರೆ. ಆಮೇಲೆ ಬಾವುಟ ಇದ್ದರೂ ಅದನ್ನು ಏರಿಸಲು ಜಾಗವಿರುವುದಿಲ್ಲ.

ಐಲ್ಸಾಗೆ ಈಗ ಎಪ್ಪತ್ತು. ಸುತ್ತಲಿನ ನಾಲ್ಕು ಊರುಗಳ ಡಿಪೋಗಳಲ್ಲಿ ಹನ್ನೊಂದು ರಾಶಿಗಳ ಹೊದಿಕೆ ಇವರ ಉಸ್ತುವಾರಿ. ಒಂದೊಂದು ರಾಶಿ ಇನ್ನೂರು ಮೀಟರ್ ಉದ್ದ. ಗಲಾ ಗಿಳಿಗಳು ಹಿಂಡುಗಟ್ಟಿ ಬಂದು ಟಾರ್ಪಾಲನ್ನು ಕುಕ್ಕುತ್ತವೆ, ಕೆಳಗಿಂದ ಇಲಿಗಳು ಕಡಿಯುತ್ತವೆ. ದಿನಕ್ಕೆ ನಲವತ್ತರಿಂದ ಐವತ್ತು ತೂತು. ಒಂದು ತೂತು ಕಣ್ತಪ್ಪಿ ಮಳೆ ಬಿದ್ದರೆ ಅದರಡಿಯ ಗೋಧಿ ಮೊಳಕೆಯೊಡೆದು ಗಬ್ಬೆದ್ದು ಹೋಗುತ್ತದೆ. ಹತ್ತು ಗಂಟೆಗೆ ಗಾಳಿ ಎದ್ದು ಟಾರ್ಪಾಲು ಕಾದು ಹಂಚಾಗುವುದರಿಂದ ಕೆಲಸವೆಲ್ಲ ಅದಕ್ಕೆ ಮುಂಚೆಯೇ ಮುಗಿಯಬೇಕು. ಹದಿನೈದನೇ ವಯಸ್ಸಿಗೆ ಊರಿನ ಜೀನುಗಾರ ಗಿಂಪೆಲ್ ಎಂಬ ಮುದುಕನ ಅಂಗಡಿಗೆ ಸೇರಿದವರು, ಅಂದಿನಿಂದ ಕುದುರೆಯ ಜೀನು, ಕ್ಯಾನ್ವಾಸು, ಲಾರಿಯ ಹೊದಿಕೆ, ಈಗ ಈ ಪ್ಲಾಸ್ಟಿಕ್ಕು ಎಂದು ಹೊಲಿಯುತ್ತಲೇ, ತೇಪೆ ಹಾಕುತ್ತಲೇ ಬಂದಿದ್ದಾರೆ.

"ಈ ಗಿಳಿಗಳು ಇಲ್ದಿದ್ರೆ ನನಗೆ ಊಟ ಇಲ್ಲ," ಎಂದು ಅವರು ನಗುತ್ತಾರೆ. "ಆದ್ರೂ ದಿನಾ ಬೆಳಿಗ್ಗೆ ಎದ್ದು ಅವುಗಳ ಮನೆ ಹಾಳಾಗ್ಲಿ ಅಂತ ಬೈತೀನಿ. ಕೃತಜ್ಞತೆ ಇಲ್ಲ ನೋಡು ನನಗೆ."

ನಾನು ಇದೇ ಡಿಪೋದ ವೇಬ್ರಿಡ್ಜಿನಲ್ಲಿ ಇಪ್ಪತ್ತೊಂದು ವರ್ಷದಿಂದ ಲಾರಿ ತೂಗುತ್ತಿದ್ದೇನೆ. ಬಂದ ಮೊದಲ ವಾರವೇ ಊರಿನವರು ನನ್ನ ಹೆಸರನ್ನು ಕೈಬಿಟ್ಟು 'ವೇಬ್ರಿಡ್ಜ್' ಎಂದು ಕರೆಯತೊಡಗಿದರು. ಎರಡನೇ ವಾರ ಕೈಗೊಂದು ಗಡಿಯಾರ ಕೊಟ್ಟು, ಶನಿವಾರದ ಫುಟ್ಬಾಲಿಗೆ ಸಮಯ ನೋಡುವವನನ್ನಾಗಿ ಮಾಡಿದರು. ಆಟದ ತಲೆಬುಡ ಗೊತ್ತಿಲ್ಲ ಎಂದರೂ ಬಿಡಲಿಲ್ಲ. "ಗಡಿಯಾರ ನೋಡೋಕೆ ಬರುತ್ತೆ ತಾನೇ?" ಎಂದರು. ಹೀಗೆ ಬಕ್ಲೂ ಬಯಲಿನ ಫುಟ್ಬಾಲ್ ಲೀಗಿನ ಕೊನೆಯ ಹನ್ನೊಂದು ವರ್ಷ ಸೈರನ್ ಒತ್ತಿದ ಬೆರಳು ನನ್ನದು. ಅದಕ್ಕೇ ಈ ಬರಹದಲ್ಲಿ ನಾನು ದೂರ ನಿಂತು ನೋಡಿದವನಂತೆ ಬರೆಯಲಾರೆ.

ಲೀಗು ಶುರುವಾದದ್ದು 1908ರಲ್ಲಿ, ಐದು ಊರುಗಳಿಂದ. ಒಂದು ಕಾಲಕ್ಕೆ ಹನ್ನೊಂದು ತಂಡಗಳಿದ್ದವು. ಆಗ ಹತ್ತು ಮೈಲಿಗೊಂದು ಶಾಲೆ, ಒಂದು ಚರ್ಚು, ಒಂದು ತಂಡ. ಟ್ರ್ಯಾಕ್ಟರು ದೊಡ್ಡದಾದ ಹಾಗೆ ಹೊಲ ದೊಡ್ಡದಾಯಿತು, ಹೊಲ ದೊಡ್ಡದಾದ ಹಾಗೆ ಮನೆಗಳು ಕಡಿಮೆಯಾದವು, ಮನೆಗಳು ಕಡಿಮೆಯಾದಾಗ ತಂಡಕ್ಕೆ ಹದಿನೆಂಟು ಜನ ಎಲ್ಲಿಂದ ಬರಬೇಕು? 1978ರಲ್ಲಿ ವಾಟಲ್ ಟ್ಯಾಂಕ್ ತಂಡ ತನ್ನ ಕೊನೆಯ ಪಂದ್ಯಕ್ಕೆ ಹದಿಮೂರು ಜನರನ್ನು ಇಳಿಸಿತಂತೆ, ಅದರಲ್ಲೊಬ್ಬರು ಪಾದ್ರಿ. ಹಾಗೆ ಒಂದೊಂದಾಗಿ ಉದುರಿ, ನಾನು ಬರುವ ಹೊತ್ತಿಗೆ ಆರು ತಂಡಗಳು ಉಳಿದಿದ್ದವು.

ಆರಾದರೇನು, ಶನಿವಾರ ಶನಿವಾರವೇ ಆಗಿತ್ತು. ಮೈದಾನದ ಬೇಲಿಗೆ ಮೂತಿ ತಾಗಿಸಿ ಸುತ್ತಲೂ ಕಾರುಗಳು ನಿಲ್ಲುತ್ತಿದ್ದವು. ಗೋಲು ಬಿದ್ದರೆ ಅವೆಲ್ಲ ಒಟ್ಟಿಗೆ ಹಾರ್ನ್ ಹೊಡೆಯುತ್ತಿದ್ದವು. ಚಹದ ಗೂಡಿನಿಂದ ಹುರಿದ ಈರುಳ್ಳಿಯ ವಾಸನೆ, ಆಟಗಾರರ ಕೋಣೆಯಿಂದ ನೋವಿನ ಎಣ್ಣೆಯ ಘಾಟು. ಅತ್ತ ಹೆಣ್ಣುಮಕ್ಕಳ ನೆಟ್‌ಬಾಲ್, ಇತ್ತ ಗಂಡಸರ ಕೆಸರು. ಸೋತವರು ಅಂಪೈರನ್ನು ಬೈಯುತ್ತಿದ್ದರು, ಗೆದ್ದವರು ಅವನಿಗೆ ಬಿಯರ್ ಕೊಡಿಸುತ್ತಿದ್ದರು. ಲೀಗು ಹೋಗಿ ಹತ್ತು ವರ್ಷವಾದರೂ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಏನು ಮಾಡಬೇಕೆಂದು ನನಗೆ ತಿಳಿಯುವುದಿಲ್ಲ. ಸುಮ್ಮನೆ ಕಾರು ತೊಳೆಯುತ್ತೇನೆ. ನಮ್ಮ ಬೀದಿಯಲ್ಲಿ ಇನ್ನೂ ಮೂವರು ಅದೇ ಹೊತ್ತಿಗೆ ಕಾರು ತೊಳೆಯುತ್ತಾರೆ.

ಈ ಲೀಗಿಗೆ ತನ್ನದೇ ಆದ ಒಂದು ಕಟ್ಟಳೆಯಿತ್ತು. 1926ರ ಫೈನಲ್ಲಿನಲ್ಲಿ ಎರಡು ಊರಿನವರು ಛತ್ರಿಯಲ್ಲಿ ಬಡಿದಾಡಿಕೊಂಡರಂತೆ. ಆಗ ಲೀಗಿನ ಅಧ್ಯಕ್ಷರಾಗಿದ್ದ ಪಾದ್ರಿಯೊಬ್ಬರು ರೇಗಿ ಒಂದು ನಿಯಮ ಮಾಡಿದರು. ಗೆದ್ದ ತಂಡದ ಬಾವುಟ ಮುಂದಿನ ವರ್ಷ ಅದರದೇ ಮೈದಾನದ ಮೊದಲ ಪಂದ್ಯದ ದಿನ ಏರಬೇಕು. ಅಂದು ಎದುರಾಳಿಯಾಗಿ ಬರಬೇಕಾದವರು ಫೈನಲ್ಲಿನಲ್ಲಿ ಸೋತವರು. ಹಗ್ಗ ಎಳೆಯಬೇಕಾದವನು ಸೋತ ತಂಡದ ನಾಯಕ. ಅಷ್ಟೇ ಅಲ್ಲ, ಬಾವುಟ ತುದಿ ಮುಟ್ಟಿ ಬಿಚ್ಚಿಕೊಂಡ ಮೇಲೆ ಅದರ ಮೇಲೆ ಬರೆದದ್ದನ್ನು ಅವನೇ ಎಲ್ಲರಿಗೂ ಕೇಳುವಂತೆ ಓದಿ ಹೇಳಬೇಕು. ಊರು, ವರ್ಷ, ಚಾಂಪಿಯನ್ನರು ಎಂಬ ಪದ. ಅವನು ಓದಿ ಮುಗಿಸಿದಾಗ ಕಾರುಗಳು ಹಾರ್ನ್ ಹೊಡೆದರೆ ಬಾವುಟ ಏರಿತು ಎಂದು ಲೆಕ್ಕ.

ಆ ಬಾವುಟಗಳನ್ನು ಹೊಲಿಯುತ್ತಿದ್ದವನು ಗಿಂಪೆಲ್. 1981ರಲ್ಲಿ ಅವನ ಕೈ ನಡುಗಲು ಶುರುವಾದಾಗ ಸೂಜಿ ಐಲ್ಸಾ ಕೈಗೆ ಬಂತು. ಅಂದಿನಿಂದ ಯಾವ ಊರು ಗೆದ್ದರೂ ಬಾವುಟ ಇವರದೇ. ಸುಗ್ಗಿ ಮುಗಿದ ಮೇಲೆ, ನಮ್ಮಲ್ಲಿ ನಡುಬೇಸಿಗೆಯಾದ ಜನವರಿಯ ಸುಡುಬಿಸಿಲಿನಲ್ಲಿ, ಅಡುಗೆಮನೆಯ ಮೇಜಿನ ಮೇಲೆ ಒಂಬತ್ತಡಿ ಉದ್ದದ ಬಟ್ಟೆ ಹಾಸಿ ಒಂದು ವಾರ ಕೂರುತ್ತಿದ್ದರು. ಅಕ್ಷರಗಳನ್ನು ಅಂಟಿಸುತ್ತಿರಲಿಲ್ಲ, ಎರಡೂ ಬದಿಗೆ ಹೊಲಿಯುತ್ತಿದ್ದರು. "ಗಾಳಿಗೆ ಒಂದು ಅಕ್ಷರ ಕಿತ್ತು ಬಂದ್ರೆ ಆ ಊರಿನ ಮಾನ ಹೋದ ಹಾಗೆ," ಎನ್ನುತ್ತಾರೆ. ಯಾರೂ ಇವರ ಹೆಸರನ್ನು ಯಾವ ಭಾಷಣದಲ್ಲೂ ಹೇಳಿದ್ದು ನನಗೆ ನೆನಪಿಲ್ಲ. ಕೇಳಿದರೆ ಮೂಗು ಮುರಿಯುತ್ತಾರೆ. "ಬಾವುಟ ನೋಡ್ಬೇಕೋ, ಹೊಲಿದೋಳ್ನ ನೋಡ್ಬೇಕೋ?"

2015ರ ಫೈನಲ್ ಕೊಲ್ಬಿನ್‌ಗೂ ನಾರಪುಟ್‌ಗೂ. ನಾರಪುಟ್ ನಲವತ್ತೊಂದು ವರ್ಷದಿಂದ ಒಂದು ಬಾರಿಯೂ ಗೆದ್ದಿರಲಿಲ್ಲ. ಕೊಲ್ಬಿನ್ ನಾಯಕ ಐಲ್ಸಾ ಅವರ ಮಗ ರೋಲಿ. ಕೊನೆಯ ಸೈರನ್ ಒತ್ತಿದಾಗ ನಾರಪುಟ್ ನಾಲ್ಕು ಅಂಕ ಮುಂದಿತ್ತು, ಚೆಂಡು ರೋಲಿಯ ಕೈಯಲ್ಲಿತ್ತು. ಸೈರನ್ ಆದರೂ ಕೈಯಲ್ಲಿರುವ ಆ ಒಂದು ಒದೆಗೆ ಅವಕಾಶವುಂಟು. ನಡುವಿನ ಕಂಬಗಳ ಮಧ್ಯೆ ಹೋದರೆ ಆರು ಅಂಕ. ಅವನು ಒದ್ದ ಚೆಂಡು ನೇರ ಹೋಗಿ ಕಂಬಕ್ಕೆ ಬಡಿಯಿತು. ಕಂಬಕ್ಕೆ ತಾಗಿದರೆ ಒಂದೇ ಅಂಕ. ನಾರಪುಟ್ ಮೂರು ಅಂಕದಿಂದ ಗೆದ್ದಿತು. ಎಂಬತ್ತು ದಾಟಿದ ಹೆಂಗಸರು ಬೇಲಿ ಹಾರಿ ಓಡಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಈಗ ಕುರಿ ಲಾರಿ ಓಡಿಸುವ ರೋಲಿಗೆ ನಲವತ್ತನಾಲ್ಕು. "ಆ ಕಂಬ ಅಲ್ಲಾಡಿದ್ದು ಈಗ್ಲೂ ಕಣ್ಮುಂದೆ ಇದೆ," ಎನ್ನುತ್ತಾನೆ. "ಮನೇಗೆ ಬಂದ್ರೆ ಅಮ್ಮ ಆಗ್ಲೇ ನಾರಪುಟ್ ಬಣ್ಣದ ಬಟ್ಟೆ ಅಳೀತಾ ಕೂತಿದ್ಳು. ಹೆತ್ತ ಮಗ ಸೋತು ಬಂದಿದಾನೆ, ಒಂದು ಕಪ್ ಚಹಾ ಕೊಡೋಣ ಅಂತಾದ್ರೂ ಬೇಡ್ವಾ?"

"ಕೊಟ್ಟೆ ಕಣೋ. ನೀನೇ ಕುಡೀಲಿಲ್ಲ," ಎಂದು ಐಲ್ಸಾ ರಾಶಿಯ ನೆತ್ತಿಯಿಂದಲೇ ಕೂಗುತ್ತಾರೆ.

ಆ ಬಾವುಟ ಏರಲೇ ಇಲ್ಲ. ಅದು ಸಿದ್ಧವಾದ ಎರಡು ವಾರಕ್ಕೆ ಕೊಲ್ಬಿನ್ ಕ್ಲಬ್ಬು ತನ್ನ ಸಭಾಂಗಣದಲ್ಲಿ ಸಭೆ ಸೇರಿತು. ತೊಂಬತ್ತು ಕಿಲೋಮೀಟರ್ ಆಚೆಯ ದೊಡ್ಡ ಲೀಗು ಕರೆದಿತ್ತು. ಹೋಗೋಣವೇ, ಇಲ್ಲೇ ಇರೋಣವೇ? ಕೊಲ್ಬಿನ್ ಹೋದರೆ ಉಳಿದ ಐದು ತಂಡಗಳಿಂದ ಲೀಗು ನಡೆಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಕೈ ಎತ್ತಿಸಿ ಎಣಿಸಿದರು. ಹೋಗೋಣ ಎಂದವರು ಇಪ್ಪತ್ತೇಳು, ಬೇಡ ಎಂದವರು ಇಪ್ಪತ್ತಾರು. ನೂರಾ ಎಂಟು ವರ್ಷದ ಲೀಗಿಗೆ ಅಂದು ಎಳ್ಳುನೀರು ಬಿಟ್ಟಂತಾಯಿತು. ನಾನು ಬೇಡ ಎಂದವರಲ್ಲಿದ್ದೆ. ಐಲ್ಸಾ ಹೋಗೋಣ ಎಂದವರಲ್ಲಿದ್ದರು.

"ಚಿಕ್ಕ ಹುಡುಗರ ತಂಡಕ್ಕೆ ಏಳು ಜನ ಇದ್ರು. ಏಳು!" ಎಂದು ಅವರು ನನಗೆ ಎಷ್ಟೋ ಸಲ ಹೇಳಿದ್ದಾರೆ. "ಅವ್ರಿಗೆ ಆಡೋಕೆ ಎದುರಾಳಿಗಳು ಬೇಕಿತ್ತು. ಯೋಚ್ನೆ ಮಾಡೇ ಕೈ ಎತ್ತಿದೆ. ಎತ್ತಿದ್ಮೇಲೆ ಸುತ್ತ ನೋಡಿದೆ. ಒಂದೇ ಒಂದು ಕೈ ಜಾಸ್ತಿ. ಅದು ಯಾರದ್ದು ಅಂತ ನನಗೆ ನಾನೇ ಕೇಳ್ಕೊಂಡ್ರೆ, ನನ್ನದೇ." ಈಗ ನಮ್ಮ ತಂಡದ ಹೆಸರಿನಲ್ಲಿ ನಾಲ್ಕು ಊರುಗಳಿವೆ, ಪೂರ್ತಿ ಹೆಸರು ಕೂಗುವಷ್ಟರಲ್ಲಿ ಮೊದಲ ಗೋಲು ಬಿದ್ದಿರುತ್ತದೆ. ಹುಡುಗರು ಆಡುತ್ತಿದ್ದಾರೆ, ಅದು ನಿಜ. ಆದರೆ ನೋಡಲು ಹೋಗುವವರು ನೂರ ಎಂಬತ್ತು ಕಿಲೋಮೀಟರ್ ಹೋಗಿ ಬರಬೇಕು.

ಫೆಬ್ರವರಿಯಲ್ಲಿ ಡಿಪೋದ ಮ್ಯಾನೇಜರು ಐಲ್ಸಾ ಮನೆಗೆ ಬಂದ. ಹೊಸ ಹುಡುಗ, ಕರಾವಳಿಯ ಕಡೆಯವನು, ಮುಖದ ತುಂಬ ನಗು. "ಒಳ್ಳೇ ಸುದ್ದಿ ತಂದಿದೀನಿ. ನಾರಪುಟ್‌ನಲ್ಲೂ ಹೊಸದಾಗಿ ನಾಲ್ಕು ರಾಶಿ ಹಾಕ್ತೀವಿ. ನಿಮಗೆ ಕೈತುಂಬ ಕೆಲಸ," ಎಂದ. ಎಲ್ಲಿ ಹಾಕುತ್ತೀರಿ ಎಂದು ಐಲ್ಸಾ ಕೇಳಿದರು. "ಅದೇ, ಖಾಲಿ ಬಿದ್ದಿರೋ ಹಳೇ ಮೈದಾನದಲ್ಲಿ," ಎಂದ ಆ ಪಾಪದವನು. ಅವನಿಗೆ ಕೇಕು ಕೊಟ್ಟು ಕಳಿಸಿದ ಮೇಲೆ ಐಲ್ಸಾ ಕಾರು ಹತ್ತಿದರು. ಹತ್ತು ವರ್ಷದಲ್ಲಿ ಅವರು ನಾರಪುಟ್ ಕಡೆ ತಲೆ ಹಾಕಿರಲಿಲ್ಲ.

ಕ್ಲೆಮ್ ಟ್ರೆಗೆನ್ಜಾ ಎಂಬ ಎಪ್ಪತ್ತೊಂಬತ್ತರ ಮುದುಕ 2015ರಲ್ಲಿ ನಾರಪುಟ್ ಕ್ಲಬ್ಬಿನ ಅಧ್ಯಕ್ಷ. ಲೀಗು ಹೋದರೂ ಇಂದಿಗೂ ಹದಿನೈದು ದಿನಕ್ಕೊಮ್ಮೆ ಆ ಮೈದಾನದ ಹುಲ್ಲು ಕತ್ತರಿಸುವವನು. ಐಲ್ಸಾ ಹೋದಾಗ ಗೇಟಿನ ಹತ್ತಿರವೇ ನಿಂತಿದ್ದನಂತೆ. ಗೇಟು ತೆಗೆಯಲಿಲ್ಲ. ಆಚೆ ಈಚೆ ನಿಂತು ಆಡಿದ ಮಾತನ್ನು ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಎರಡೂ ತಾಳೆಯಾಗುತ್ತವೆ.

"ಬಾವುಟ ತಂದಿದೀಯಾ?"

"ಇಲ್ಲ. ಯಾವತ್ತು ತರ್ಲಿ ಅಂತ ಕೇಳೋಕೆ ಬಂದೆ."

"ಆಟ ಇರೋ ದಿನ ತಗೊಂಬಾ."

"ಕ್ಲೆಮ್, ಇಲ್ಲಿ ಆಟ ಎಲ್ಲಿದೆ?"

"ಅದನ್ನ ನೀನೇ ಹೇಳ್ಬೇಕಮ್ಮ. ನಮ್ಮೂರಲ್ಲಂತೂ ಯಾರೂ ಕೈ ಎತ್ಲಿಲ್ಲ."

ಐಲ್ಸಾ ಆ ಮಾತನ್ನು ಹೊಟ್ಟೆಗೆ ಹಾಕಿಕೊಂಡರು. ಕಂಬ ಕೀಳುತ್ತಾರೆ, ಅದಕ್ಕೆ ಮುಂಚೆ ಸುಮ್ಮನೆ ನಾಲ್ಕು ಜನ ಸೇರಿ ಏರಿಸಿಬಿಡೋಣ ಎಂದರು. ಕ್ಲೆಮ್ ತಲೆ ಅಲ್ಲಾಡಿಸಿದ. "ಆಟ ಇಲ್ದೆ ಏರ್ಸಿದ್ರೆ ಅದು ಒಗೆದು ಒಣಗ್ಹಾಕಿದ ಬಟ್ಟೆ. ನಲವತ್ತೊಂದು ವರ್ಷ ಕಾದಿದೀವಿ. ನಿಯಮದ ಪ್ರಕಾರ ಬರ್ಬೇಕು, ಇಲ್ಲಾಂದ್ರೆ ಬೇಡವೇ ಬೇಡ. ಕೊಲ್ಬಿನ್‌ನಿಂದ ಹದಿನೆಂಟು ಜನರನ್ನ ಕರ್ಕೊಂಬಾ. ಹದಿನೇಳು ಅಂದ್ರೆ ಗೇಟು ತೆಗೆಯಲ್ಲ."

ತನ್ನ ಹದಿನೆಂಟು ಜನರನ್ನು ಕ್ಲೆಮ್ ಅಂದು ಸಂಜೆಯೇ ಸೇರಿಸಿದ. ಗೆದ್ದವರು ತಾನೇ, ಕರೆದ ತಕ್ಷಣ ಬಂದರು. ಐಲ್ಸಾಗೆ ಎರಡು ತಿಂಗಳು ಹಿಡಿಯಿತು. ನಮ್ಮೂರಿನ ಈಗಿನ ಆಟಗಾರರಿಗೆ ಶನಿವಾರ ದೊಡ್ಡ ಲೀಗಿನ ಪಂದ್ಯ. ಆದ್ದರಿಂದ ಹಳಬರೇ ಗತಿ. ರಾಶಿಯಿಂದ ರಾಶಿಗೆ ಹೋಗುವಾಗ ದಾರಿಯಲ್ಲಿ ಸಿಗುವ ಮನೆಗಳಿಗೆಲ್ಲ ಕಾರು ತಿರುಗಿಸಿದರು. ಕುರಿ ಕೂದಲು ಕತ್ತರಿಸುವ ಶೆಡ್ಡಿಗೆ ನುಗ್ಗಿ ಇಬ್ಬರನ್ನು ಹಿಡಿದರು. ಅಂಚೆಯವನನ್ನು ಒಪ್ಪಿಸಿದರು. ಬೆನ್ನಿಗೆ ಆಪರೇಷನ್ ಆದವನೊಬ್ಬ ವೈದ್ಯರ ಚೀಟಿ ತೋರಿಸಿದಾಗ, ಚೀಟಿಯನ್ನು ಓದಿ, "ಇದ್ರಲ್ಲಿ ಭಾರ ಎತ್ಬೇಡ ಅಂತಿದೆ. ಚೆಂಡು ಅರ್ಧ ಕೇಜಿನೂ ಇಲ್ಲ," ಎಂದರು. ಹೀಗೆ ಹದಿನೇಳು.

ಗುರುವಾರ ಮಧ್ಯಾಹ್ನ ಬಾವುಟ ನೋಡಲು ಅವರ ಮನೆಗೆ ಹೋದೆ. ದಿಂಬಿನ ಚೀಲದಲ್ಲಿ, ಹುಳ ಬೀಳದಂತೆ ನೀಲಗಿರಿ ಎಲೆ ಹಾಕಿ ಇಟ್ಟಿದ್ದರು. ಅಡುಗೆಮನೆಯ ಮೇಜಿನ ಮೇಲೆ ಇಬ್ಬರೂ ಸೇರಿ ಬಿಡಿಸಿದೆವು. ಕಡುಗೆಂಪು ಬಟ್ಟೆಯ ಮೇಲೆ ಹಳದಿ ಅಕ್ಷರ. ಹೊಲಿಗೆ ಎಷ್ಟು ಸಣ್ಣದೆಂದರೆ ಬೆರಳಾಡಿಸಿದರೂ ಸಿಗುವುದಿಲ್ಲ. ಮೇಲೆ ನಾರಪುಟ್, ನಡುವೆ ಚಾಂಪಿಯನ್ನರು, ಕೆಳಗೆ ವರ್ಷ. ನಾನು ಓದಿದೆ. ಇನ್ನೊಮ್ಮೆ ಓದಿದೆ. 2016 ಎಂದಿತ್ತು.

"ಹ್ಞೂಂ," ಎಂದರು ಐಲ್ಸಾ. "ಹಾಗೇ ಇದೆ."

ಗೆದ್ದದ್ದು 2015ರಲ್ಲಿ, ಹೊಲಿದದ್ದು 2016ರ ಜನವರಿಯಲ್ಲಿ. ಹೊಸ ವರ್ಷದ ಮೊದಲ ವಾರ ನಾವೆಲ್ಲ ತಾರೀಕು ಬರೆಯುವಾಗ ತಪ್ಪುತ್ತೇವೆ, ಹಳೆಯ ವರ್ಷ ಬರೆದುಬಿಡುತ್ತೇವೆ. ಇವರು ಅದಕ್ಕೆ ತಿರುಗಾಮುರುಗಾ ತಪ್ಪಿದ್ದರು. ಮರುದಿನವೇ ಕಣ್ಣಿಗೆ ಬಿತ್ತಂತೆ. ಬಿಚ್ಚಿ ಸರಿ ಮಾಡಲೆಂದು ಹಳದಿ ಬಟ್ಟೆಯಲ್ಲಿ ಐದು ಎಂಬ ಅಂಕಿಯನ್ನು ಕತ್ತರಿಸಿಯೂ ಇಟ್ಟರು. ಕೆಲಸದ ಗಡಿಬಿಡಿಯಲ್ಲಿ ಅದು ಹಾಗೆಯೇ ಉಳಿಯಿತು. ಆಮೇಲೆ ಆ ಸಭೆ ನಡೆಯಿತು. ಕತ್ತರಿಸಿದ ಐದು ಇನ್ನೂ ಆ ದಿಂಬಿನ ಚೀಲದಲ್ಲೇ ಇದೆ.

ಅರ್ಧ ಗಂಟೆಯ ಕೆಲಸ, ಹತ್ತು ವರ್ಷದಲ್ಲಿ ಯಾಕೆ ಮಾಡಲಿಲ್ಲ ಎಂದು ಕೇಳಿದೆ. ಮೊದಲು ಏನೇನೋ ನೆಪ ಹೇಳಿದರು. ಬಿಚ್ಚಿದರೆ ಹಳೆಯ ಹೊಲಿಗೆಯ ಗುರುತು ಕಾಣುತ್ತದೆ, ಬಟ್ಟೆಯ ಬಣ್ಣ ಮಾಸಿದೆ, ಕಣ್ಣು ಮೊದಲಿನಂತಿಲ್ಲ. ಐಲ್ಸಾ ಆ ಅಂಕಿಯ ಮೇಲೆ ಅಂಗೈ ಇಟ್ಟುಕೊಂಡು ಕೂತರು.

"ಆ ವರ್ಷ ಆಟ ಇದ್ದೇ ಇರುತ್ತೆ ಅಂದ್ಕೊಂಡು ಹೊಲಿದಿದ್ದು ಇದು," ಎಂದರು. "ಇದನ್ನ ಬಿಚ್ಚಿಬಿಟ್ರೆ ಹದಿನಾರು ಅನ್ನೋ ವರ್ಷ ನಮ್ಮ ಲೀಗಲ್ಲಿ ಎಲ್ಲೂ ಇರಲ್ಲ. ಎಲ್ಲೂ. ನಾಲ್ಕೈದು ಸಲ ಕತ್ತರಿ ತಗೊಂಡೆ. ಒಂದು ದಾರ ಕತ್ತರಿಸ್ತೀನಿ, ನಿಲ್ಲಿಸ್ತೀನಿ, ಆಮೇಲೆ ಕತ್ತರಿಸಿದ್ದನ್ನೇ ಮತ್ತೆ ಹೊಲೀತೀನಿ. ಹುಚ್ಚು ಅನ್ನು."

"ಕ್ಲೆಮ್‌ಗೆ ಗೊತ್ತಾ?"

"ಯಾರಿಗೂ ಗೊತ್ತಿಲ್ಲ. ರೋಲಿಗೂ. ನಲವತ್ತೊಂದು ವರ್ಷ ಕಾದೋರಿಗೆ ತಪ್ಪು ವರ್ಷ ಹಾಕಿ ಕೊಟ್ರೆ ಉಗೀತಾರೆ ನನಗೆ. ಉಗೀಬೇಕಾದ್ದೇ." ಬಾವುಟದ ಅಂಚು ಮಡಿಸುತ್ತ, "ಇವತ್ತು ಸರಿ ಮಾಡ್ಬಿಡ್ತೀನಿ. ಇಲ್ಲಾಂದ್ರೆ ನಾಳೆ," ಎಂದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀನು ಎಷ್ಟು ತೂಗ್ತೀಯೋ ವೇಬ್ರಿಡ್ಜ್?"

ನನಗೆ ಐವತ್ತಾರು. ಆ ಮೊಟ್ಟೆಯಾಕಾರದ ಚೆಂಡನ್ನು ಜೀವಮಾನದಲ್ಲಿ ಒಮ್ಮೆಯೂ ಒದ್ದವನಲ್ಲ. ಹಾಗೆಂದು ಹೇಳಿದೆ. "ಯಾರು ಒದಿ ಅಂದ್ರು? ಲೆಕ್ಕಕ್ಕೆ ಒಂದು ತಲೆ ಬೇಕು ಅಷ್ಟೇ," ಎಂದು ಒಳಗೆ ಹೋಗಿ ಕೊಲ್ಬಿನ್ ತಂಡದ ನೀಲಿ ಅಂಗಿಯೊಂದನ್ನು ತಂದರು. ಬೆನ್ನಿನ ಮೇಲೆ 37 ಎಂದಿತ್ತು. ಹೊಟ್ಟೆಯ ಹತ್ತಿರ ಬಿಗಿಯಾಗಿದ್ದುದಕ್ಕೆ ಎರಡೂ ಪಕ್ಕ ಬಿಚ್ಚಿ ಪಟ್ಟಿ ಕೊಟ್ಟು ಹೊಲಿದರು. ಅದಕ್ಕೆ ಹದಿನೈದು ನಿಮಿಷವೂ ಬೇಕಾಗಲಿಲ್ಲ.

ಶನಿವಾರ ನಾರಪುಟ್ ಗೇಟಿನಲ್ಲಿ ಕ್ಲೆಮ್ ಖುದ್ದು ನಿಂತು ನಮ್ಮ ತಲೆ ಎಣಿಸಿದ. ಹದಿನೆಂಟನೆಯವನಾಗಿ ನಾನು ಬಂದಾಗ ತುಸು ಹೊತ್ತು ದಿಟ್ಟಿಸಿ, "ಇದೂ ಆಟಗಾರನಾ?" ಎಂದ. "ನಿಯಮದಲ್ಲಿ ತಲೆ ಎಣಿಸ್ಬೇಕು ಅಂತಿದೆ, ಹೊಟ್ಟೆ ನೋಡ್ಬೇಕು ಅಂತಿಲ್ಲ," ಎಂದರು ಐಲ್ಸಾ. ಗೇಟು ತೆರೆಯಿತು. ಒಳಗೆ ಬೇಲಿಯ ಸುತ್ತ ಕಾರುಗಳು. ನಾನು ಎಣಿಸಿದೆ, ನೂರ ಹದಿನಾಲ್ಕು. ಹುರಿದ ಈರುಳ್ಳಿಯ ವಾಸನೆ ಮೂಗಿಗೆ ಬಡಿದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ಹಳೆಯ ಗಡಿಯಾರಕ್ಕಾಗಿ ಜೇಬು ತಡಕಿದೆ.

ಎರಡಕ್ಕೆ ಐದು ನಿಮಿಷವಿರುವಾಗ ಎರಡೂ ತಂಡಗಳು ಬಾವುಟದ ಕಂಬದ ಮುಂದೆ ಸಾಲಾಗಿ ನಿಂತವು. ಐಲ್ಸಾ ಮಡಿಸಿದ ಬಾವುಟವನ್ನು ತಂದು ಹಗ್ಗಕ್ಕೆ ಕಟ್ಟಿ, ಹಿಂದೆ ಸರಿದು ಚಹದ ಗೂಡಿನ ಗೋಡೆಗೆ ಒರಗಿದರು. ಅದನ್ನು ಸರಿ ಮಾಡಿದ್ದಾರೋ ಇಲ್ಲವೋ ಎಂದು ಅವರ ಮುಖದಿಂದ ನನಗೆ ತಿಳಿಯಲಿಲ್ಲ. ರೋಲಿ ಹಗ್ಗ ಎಳೆದ. ಬಾವುಟ ಮುದುಡಿಕೊಂಡೇ ತುದಿಗೆ ಹೋಯಿತು. ಒಂದು ಗಾಳಿ ಬೀಸಿ ಪೂರ್ತಿ ಬಿಚ್ಚಿಕೊಂಡಿತು.

ರೋಲಿ ಕತ್ತೆತ್ತಿ ಓದತೊಡಗಿದ. "ನಾರಪುಟ್! ಚಾಂಪಿಯನ್ನರು!" ಎಂದು ಕೂಗಿ ನಿಂತುಬಿಟ್ಟ. ತಾಯಿಯ ಕಡೆ ತಿರುಗಿದ. ಐಲ್ಸಾ ನೆಲ ನೋಡುತ್ತಿದ್ದರು. ಬರೆದದ್ದನ್ನು ಬರೆದ ಹಾಗೇ ಓದಬೇಕು, ಅದು ನಿಯಮ. "ಎರಡು ಸಾವಿರದ ಹದಿನಾರು," ಎಂದು ಅವನು ಓದಿದ.

ಒಂದು ಕಾರೂ ಉಸಿರೆತ್ತಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಯಾರೋ ಹೆಂಗಸು, "ಹದಿನಾರಾ?" ಎಂದಳು. ಐಲ್ಸಾ ಎರಡೂ ಕೈಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. ಕ್ಲೆಮ್ ಟೋಪಿ ತೆಗೆದು ಬಾವುಟವನ್ನೇ ನೋಡುತ್ತ ನಿಂತಿದ್ದ, ತುಂಬ ಹೊತ್ತು ನಿಂತಿದ್ದ. ಆಮೇಲೆ ಕುಂಟುತ್ತ ತನ್ನ ಪಿಕಪ್ಪಿನ ಹತ್ತಿರ ಹೋಗಿ, ಕಿಟಕಿಯಿಂದ ಕೈ ತೂರಿಸಿ ಹಾರ್ನ್ ಒತ್ತಿದ. ಒತ್ತಿದ ಕೈ ತೆಗೆಯಲೇ ಇಲ್ಲ. ಪಕ್ಕದ ಕಾರು ಸೇರಿಕೊಂಡಿತು, ಅದರ ಪಕ್ಕದ್ದು ಸೇರಿಕೊಂಡಿತು, ಕೊನೆಗೆ ನೂರ ಹದಿನಾಲ್ಕೂ ಕೂಗಿದವು. ಮೈದಾನದಾಚೆಯ ಸಿಲೋ, ಅಂದರೆ ಕಾಳು ತುಂಬುವ ಗೋಪುರದ ಮೇಲಿನ ಗಲಾ ಗಿಳಿಗಳೆಲ್ಲ ಎದ್ದು ಹಾರಿದವು.

ಆಟದ ಬಗ್ಗೆ ಹೆಚ್ಚು ಹೇಳುವುದು ಬೇಡ. ಹತ್ತು ಹತ್ತು ನಿಮಿಷದ ನಾಲ್ಕು ಭಾಗ, ಅದರಲ್ಲಿ ಮೂರು ಮುಗಿಯುವಷ್ಟರಲ್ಲಿ ಐದು ಜನ ಹುಲ್ಲಿನ ಮೇಲೆ ಮಲಗಿದ್ದರು. ನಾರಪುಟ್ ಐವತ್ತೆರಡು ಅಂಕದಿಂದ ಗೆದ್ದಿತು. ನಾನು ಚೆಂಡನ್ನು ಒಂದು ಸಲ ಮುಟ್ಟಿದೆ, ಅದೂ ಕಿವಿಯಿಂದ.

ಆಟ ಮುಗಿದ ಮೇಲೆ ಐಲ್ಸಾ ಚಹದ ಗೂಡಿನ ಹಿಂದೆ ಒಬ್ಬರೇ ಕೂತಿದ್ದರು. ಕ್ಲೆಮ್ ಎರಡು ಕಪ್ ಚಹಾ ಹಿಡಿದು ಬಂದ. ಒಂದನ್ನು ಅವರ ಕೈಗಿತ್ತು ಪಕ್ಕದಲ್ಲಿ ಕೂತ.

"ತಪ್ಪಾಗಿದೆ ಕ್ಲೆಮ್," ಎಂದರು ಐಲ್ಸಾ. "ಸರಿ ಮಾಡೋಕೆ ಹತ್ತು ವರ್ಷ ಇತ್ತು. ಮಾಡ್ಲಿಲ್ಲ. ಬೈಯೋದಿದ್ರೆ ಬೈದ್ಬಿಡು."

"ಒಂದು ಮಾತು ಕೇಳ್ತೀನಿ. ಹದಿನಾರರಲ್ಲಿ ನಮ್ಮನ್ನ ಸೋಲ್ಸಿದೋರು ಯಾರು?"

"ಯಾರೂ ಇಲ್ಲ. ಆಟವೇ ನಡೀಲಿಲ್ವಲ್ಲ."

"ಮತ್ತೆ? ಸರಿಯಾಗೇ ಹೊಲಿದಿದೀಯ." ಕ್ಲೆಮ್ ಚಹಾ ಗುಟುಕರಿಸಿದ. "ಆ ಸಭೇಲಿ ಇಪ್ಪತ್ತೇಳು ಕೈ ಇದ್ವು ಐಲ್ಸಾ. ನಿನ್ನ ಜೊತೆ ಕೈ ಎತ್ತಿದ ಮಿಕ್ಕ ಇಪ್ಪತ್ತಾರು ಜನ ಅವತ್ತಿಂದ ಚೆನ್ನಾಗೇ ನಿದ್ದೆ ಮಾಡ್ತಿದಾರೆ. ಇನ್ನು ನೀನೂ ಮಾಡು." ಎದ್ದು ಹೋಗುವಾಗ, ಚಹದ ಜೊತೆಗಿನ ಸ್ಕೋನು ಬನ್ನು ಖಾಲಿಯಾಗುತ್ತಿದೆ, ಬೇಕಾದರೆ ಬೇಗ ಬಾ ಎಂದೂ ಹೇಳಿದ.

ಐಲ್ಸಾ ಅತ್ತರು. ನನ್ನೆದುರು ಅವರು ಅತ್ತದ್ದು ಅದೇ ಮೊದಲು. ಮೂಗು ಒರೆಸಿಕೊಂಡು, ನನ್ನ ಅಂಗಿಯ ಪಕ್ಕದ ಹೊಲಿಗೆ ಬಿಟ್ಟಿದೆಯೇ ಎಂದು ಎಳೆದು ನೋಡಿದರು. ಬಿಟ್ಟಿರಲಿಲ್ಲ. ಈ ಬರಹ ಪೇಪರಿಗೆ ಹೋಗುತ್ತದೆ, ನಿಮ್ಮ ಬಗ್ಗೆ ಏನಾದರೂ ಬರೆಯಬೇಕು, ಏನು ಬರೆಯಲಿ ಎಂದು ಕೇಳಿದೆ. ನನ್ನ ಬಗ್ಗೆ ಏನಿದೆ ಬರೆಯೋಕೆ ಎಂದು ಗದರುತ್ತಾರೆ ಅಂದುಕೊಂಡಿದ್ದೆ. ಗದರಲಿಲ್ಲ. ಕಂಬದ ತುದಿಯಲ್ಲಿ ಪಟಪಟ ಹೊಡೆದುಕೊಳ್ಳುತ್ತಿದ್ದ ಬಟ್ಟೆಯನ್ನು ನೋಡುತ್ತ ಮನಸ್ಸಿನಲ್ಲೇ ಏನೋ ಎಣಿಸಿಕೊಂಡರು.

"ಮೂವತ್ತೈದು ಬಾವುಟ ಹೊಲಿದ್ಳು ಅಂತ ಬರಿ," ಎಂದರು. "ಮೂವತ್ತೈದೂ ಏರಿದ್ವು."